ಬಣ್ಣ ಕುಡಿದ ಇದ್ದಿಲು

ಕಡಲೆಕಾಯಿ ಸಿಪ್ಪೆ ಸುಡುವ ವಾಸನೆ ಮೂಗಿಗೆ ಬಡಿದರೆ ಗುಮಾಸ್ತರು ಆರು ವರ್ಷದ ಮಗುವಾಗಿಬಿಡುತ್ತಿದ್ದರು. ಅಜ್ಜಿಯ ಒಲೆ, ಸಿಪ್ಪೆಯ ಚಟಪಟ, ಮೂಗಿನ ತುದಿಗೆ ಮಸಿ. ಹೋದ ವಾರ ಎಣ್ಣೆ ಗಿರಣಿಯ ಕಡೆಯಿಂದ ಅದೇ ವಾಸನೆ ತೇಲಿಬಂದದ್ದೇ ಎಡವಟ್ಟಾಯಿತು. ಆಗ ಅವರು ಲೆಕ್ಕ ಬರೆಯುತ್ತಿದ್ದ ಬಣ್ಣದ ಕಾರ್ಖಾನೆಯ ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಬಟ್ಟೆಗೆ ಬಣ್ಣ ಹಾಕಿ ಮಿಕ್ಕ ಕೆಂಪು ನೀರನ್ನು ಇನ್ನೂ ಚರಂಡಿಗೆ ಬಿಟ್ಟರೆ ಕಾರ್ಖಾನೆಗೆ ಬೀಗ ಎಂದು ಮಾಲಿನ್ಯ ಮಂಡಳಿಯಿಂದ ನೋಟೀಸು ಬಂದಿತ್ತು.

ಗುಮಾಸ್ತರ ಬಾಯಿ ಸುಮ್ಮನಿರಲಿಲ್ಲ. "ಸಿಪ್ಪೆಯಿಂದ ಸಕ್ರಿಯ ಇಂಗಾಲ ಮಾಡಬಹುದು ಸಾರ್. ಬಣ್ಣಾನೆಲ್ಲ ಹೀರ್ಕೊಂಡುಬಿಡುತ್ತೆ. ನಾನು ಕಾಲೇಜಲ್ಲಿ ಓದಿದೀನಿ."

ಓದಿದ್ದು ನಿಜ. ಫೇಲಾದದ್ದೂ ನಿಜ. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಶುಕ್ರವಾರ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ಹದಿನೆಂಟು ಜನರ ಅನ್ನ ನಿಮ್ಮ ಕೈಲಿದೆ ಕಣ್ರೀ," ಎಂದರು ಯಜಮಾನರು.

ಶುಕ್ರವಾರ ಬೆಳಕು ಹರಿಯುವಾಗಲೇ ಗುಮಾಸ್ತರು ಹಿತ್ತಲಲ್ಲಿ ಡ್ರಮ್ಮಿಗೆ ಸಿಪ್ಪೆ ತುಂಬಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿ, ಹೊಗೆಗೆಂದು ಒಂದು ತೂತು ಬಿಟ್ಟು, ಕೆಳಗೆ ಬೆಂಕಿ ಹಾಕಿದರು. ಗಾಳಿ ತಾಗಿದರೆ ಬೂದಿ, ತಾಗದಿದ್ದರೆ ಇದ್ದಿಲು. ಅದು ನಿಗಿನಿಗಿ ಕೆಂಡವಾದ ಮೇಲೆ ಆವಿ ಹಾಯಿಸಬೇಕು. ಆಗ ಮೈತುಂಬ ಕಣ್ಣಿಗೆ ಕಾಣದ ರಂಧ್ರ ಬಿದ್ದು ಬಣ್ಣ ಹಿಡಿಯುವ ಶಕ್ತಿ ಬರುತ್ತದೆ. ಆವಿ ಹಾಯಿಸುವುದು ಹೇಗೆಂಬ ಪುಟ ಮಾತ್ರ ಅವರಿಗೆ ಮರೆತುಹೋಗಿತ್ತು.

"ರೀ, ಒಂದು ದಿನ ಹಾಲು ಉಕ್ಕಿಸದೆ ಕಾಯಿಸಿದವರಲ್ಲ ನೀವು," ಎಂದಳು ಹೆಂಡತಿ.

"ಹಾಲಿನ ಪಾತ್ರೆಗೆ ಮಣ್ಣು ಮೆತ್ತೋಕೆ ನೀನು ಬಿಡಲಿಲ್ವಲ್ಲೇ!"

ಹೊಗೆ ಕಾಂಪೌಂಡು ದಾಟಿತು. ಪಕ್ಕದ ಮನೆಯ ದೊಡ್ಡಮ್ಮನ ಕೂಗು ಕೇಳಿತು. "ಅಯ್ಯಯ್ಯೋ, ಬೆಂಕಿ! ಗುಮಾಸ್ತಪ್ಪ ಉರಿದುಹೋದ!" ಹಿಂದೆಯೇ ಒಂದು ಬಕೆಟ್ ನೀರು ಹಾರಿಬಂತು. ಮುಕ್ಕಾಲು ಗುಮಾಸ್ತರ ತಲೆಗೆ, ಉಳಿದದ್ದು ಡ್ರಮ್ಮಿನ ತೂತಿಗೆ. ಡ್ರಮ್ಮು ಹತ್ತು ನಾಗರಹಾವಿನಂತೆ ಭುಸ್ಸೆಂದು ಬಿಳಿ ಆವಿ ಕಕ್ಕಿತು.

"ದೊಡ್ಡಮ್ಮಾ, ಕೆಲಸ ಕೆಡಿಸಿಬಿಟ್ರಲ್ಲ!"

"ಜೀವ ಉಳಿಸಿದೀನಿ ಕಣಪ್ಪ. ತಗೋ ಟವೆಲ್ಲು, ತಲೆ ಒರೆಸ್ಕೊ, ನೆಗಡಿಯಾಗುತ್ತೆ."

ಡ್ರಮ್ಮು ತಣ್ಣಗಾದ ಮೇಲೆ ಗುಮಾಸ್ತರು ಒಂದು ಹಿಡಿ ಇದ್ದಿಲು ತೊಳೆದು, ಶಾಯಿ ಬೆರೆಸಿದ ನೀರಿಗೆ ಹಾಕಿ ಕುಲುಕಿ ಸೋಸಿದರು. ನೀರು ತಿಳಿಯಾಗಿ ಇಳಿಯಿತು! ಮರೆತ ಪುಟವನ್ನು ದೊಡ್ಡಮ್ಮ ಬಕೆಟ್ಟಿನಲ್ಲಿ ತಂದು ಸುರಿದಿದ್ದರು.

ಇದ್ದಿಲನ್ನೆಲ್ಲ ಎರಡು ಬಟ್ಟೆ ಚೀಲಕ್ಕೆ ತುಂಬಿ ಗುಮಾಸ್ತರು ಕಾರ್ಖಾನೆಗೆ ಓಡಿದರು. ಮುಖ ಬಾಣಲೆಯ ತಳದಂತಾಗಿತ್ತು. "ಅಣ್ಣಾ, ಇವನ್ನ ಚರಂಡಿ ನೀರಿಗೆ ಅಡ್ಡ ಕಟ್ಟಿಬಿಡಿ," ಎಂದು ಬಣ್ಣದ ಮೇಸ್ತ್ರಿಯ ಕೈಗೆ ಚೀಲ ಕೊಟ್ಟು ಮುಖ ತೊಳೆಯಲು ಹೋದರು.

ನಾಲ್ಕಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ಬಂದರು. ಚರಂಡಿಯ ಕೊಳವೆಗೆ ಗಾಜಿನ ಲೋಟ ಹಿಡಿದರು, ಬಿಸಿಲಿಗೆತ್ತಿ ನೋಡಿದರು, ಮೂಸಿದರು. ನೀರು ಅಷ್ಟೂ ತಿಳಿ.

"ಭೇಷ್! ನಾಳೆ ನಮ್ಮ ದೊಡ್ಡ ಸಾಹೇಬರನ್ನೇ ಕರ್ಕೊಂಡು ಬರ್ತೀನಿ. ಇದೇ ಹೊತ್ತಿಗೆ," ಎಂದು ಹೊರಟರು.

ಯಜಮಾನರು ಗುಮಾಸ್ತರನ್ನು ತಬ್ಬಿಕೊಂಡರು. "ಇನ್ನು ನೀವು ಗುಮಾಸ್ತರಲ್ಲ, ಮ್ಯಾನೇಜರ್ರು!"

ಅಷ್ಟರಲ್ಲಿ ಒಳಗೆ ಕೆಲಸದವರು ಬಣ್ಣದ ತೊಟ್ಟಿಯ ಮುಚ್ಚಳ ತೆಗೆದರು. ನಾಟಕಶಾಲೆಗೆಂದು ಅದ್ದಿದ್ದ ಕಡುಗೆಂಪು ಪರದೆಗಳು ಜ್ವರ ಬಿಟ್ಟೆದ್ದವರ ಮುಖದಂತೆ ಬಿಳಿಚಿಕೊಂಡು ಮೇಲೆ ಬಂದವು. ಜೊತೆಗೆ ಎರಡು ಚೀಲ.

ಮೇಸ್ತ್ರಿ ಮೆಲ್ಲಗೆ ಹೇಳಿದ. "ಚರಂಡಿ ನೀರು ಓಡ್ತಾ ಇರುತ್ತೆ, ಬಣ್ಣ ಹೀರೋಕೆ ಪುರುಸೊತ್ತೆಲ್ಲಿ? ಹೇಗಾದ್ರೂ ನೀವು ಗೆಲ್ಬೇಕು ಅಂತ ತೊಟ್ಟಿಯೊಳಗೇ ಕಟ್ಟಿದೆ ಗುಮಾಸ್ತರೇ."

ಮ್ಯಾನೇಜರಿಕೆ ಮೂರು ನಿಮಿಷಕ್ಕೆ ಮುಗಿಯಿತು. ಯಜಮಾನರು ಗುಡುಗಿದರು. "ಪರದೆಗೆಲ್ಲ ಮತ್ತೆ ಬಣ್ಣ ಹಾಕ್ಬೇಕು. ಆ ಕೆಂಪು ನೀರು ನಾಳೆ ಸಾಹೇಬರ ಮುಂದೆ ತಿಳಿಯಾಗ್ಬೇಕು. ಇಲ್ಲದಿದ್ರೆ ಬೀಗ!"

ಚೀಲದ ಇದ್ದಿಲು ಕಂಠಪೂರ್ತಿ ಬಣ್ಣ ಕುಡಿದು ಕೂತಿತ್ತು. ಇನ್ನು ಹೊಸ ಸಿಪ್ಪೆ, ಹೊಸ ಬೆಂಕಿ. ಗುಮಾಸ್ತರು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕೇಬಿಟ್ಟರು. "ಕಾಲೇಜಲ್ಲಿ ಬರೀ ಫೇಲಾಗಿದ್ದೆ ಅಣ್ಣ. ಇವತ್ತು ಪಾಸಾಗಿ ಫೇಲಾದೆ ನೋಡಿ."

ಮೇಸ್ತ್ರಿ ಒಳಗೆ ಹೋದ. ಬೆಳಗ್ಗಿನಿಂದ ತಾನೂ ಮುಟ್ಟದಿದ್ದ ಊಟದ ಡಬ್ಬಿಯನ್ನು ತಂದು, ಮುಚ್ಚಳ ತೆಗೆದು, ಅವರ ಕೈಗಿಟ್ಟ.