ಒಂದು ತಾಸು ಕಮ್ಮಿ

ಜನರ ದುಃಖ ಕೇಳುವುದನ್ನು ಕಲಿಸುವ ನಮ್ಮ ವಿಭಾಗದಲ್ಲಿ ವಾರಕ್ಕೊಂದಾದರೂ ನಗೆಪಾಟಲು ಆಗದಿದ್ದರೆ ನನಗೇ ಏನೋ ತಪ್ಪಿದ ಹಾಗೆ ಅನಿಸುತ್ತದೆ. ಹಾಗಂತ ನಾನು ಹೆಚ್ಚು ನಗುವವಳಲ್ಲ. ಮಹಾರಾಷ್ಟ್ರದ ಗಡಿಸೀಮೆಯಲ್ಲಿ ನಿಲಂಗಾದಿಂದ ಉಮರ್ಗಾದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತ, ವರ್ಷ ವರ್ಷವೂ ಹೊಸ ಆರ್ಡರಿಗೆ ಕಾಯುವ ಹಂಗಾಮಿ ಪ್ರಾಧ್ಯಾಪಕಿಗೆ ನಗು ಎಲ್ಲಿಂದ ಬರಬೇಕು? ಆಪ್ತ ಸಮಾಲೋಚನೆಯ ಎಂ.ಎ. ವಿಭಾಗ ಅಂದರೆ ನಾನು, ಒಬ್ಬ ಸಿಪಾಯಿ, ಆರು ಮಂದಿ ವಿದ್ಯಾರ್ಥಿಗಳು. ಅಷ್ಟೇ.

ಇಂಥದ್ದಕ್ಕೆ ಮಾನ್ಯತೆಯ ಹೊಸ ನಿಯಮಾವಳಿ ಬಂತು. ಬಾಗಿಲು ಮುಚ್ಚುವ ಪ್ರತ್ಯೇಕ ಕೋಣೆ ಬೇಕು. ಬಂದವರ ಗುಟ್ಟು ಹೊರಬೀಳಬಾರದು. ರಿಜಿಸ್ಟರಿನಲ್ಲಿ ಹೆಸರಿಲ್ಲ, ನಂಬರು ಮಾತ್ರ. ಪ್ರತಿ ವಿದ್ಯಾರ್ಥಿಯೂ ನಿಜವಾದ ಕಷ್ಟ ಇದ್ದವರ ಎದುರು ಇಂತಿಷ್ಟು ತಾಸು ಕೂತಿರಬೇಕು, ಮೂಲೆಯಲ್ಲಿ ನಾನಿರಬೇಕು. ಒಬ್ಬರದು ಒಂದು ತಾಸು ಕಮ್ಮಿ ಬಿದ್ದರೂ ವಿಭಾಗದ ಮಾನ್ಯತೆ ಹೋಯಿತು, ಆರೂ ಮಂದಿಯ ಡಿಗ್ರಿ ನಿಂತಿತು. ನನ್ನ ಆರ್ಡರಿನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ.

ಚಪ್ಪಲಿ

ಕೋಣೆ ಸಿಕ್ಕಿತು. ಆಟದ ಸಾಮಾನು ಇಡುತ್ತಿದ್ದ ಕೋಣೆ. ಒಳಗೆ ಎರಡು ಕುರ್ಚಿ, ಮೂಲೆಯಲ್ಲಿ ನನಗೊಂದು ಸ್ಟೂಲು, ಅದರ ಪಕ್ಕ ಯಾರೂ ಒಯ್ಯದೆ ಉಳಿದ ಕಬ್ಬಿಣದ ಗುಂಡು. ಬಾಗಿಲು ಮುಚ್ಚುತ್ತಿತ್ತು. ಗುಟ್ಟು ಮಾತ್ರ ನಿಲ್ಲಲಿಲ್ಲ. ನಮ್ಮ ಕಡೆ ಯಾರೇ ಬರಲಿ, ಚಪ್ಪಲಿ ಹೊಸ್ತಿಲಾಚೆ ಬಿಟ್ಟೇ ಒಳಗೆ ಬರುತ್ತಾರೆ. ಚಪ್ಪಲಿ ನೋಡಿದರೆ ಸಾಕು, ಒಳಗೆ ಅಳುತ್ತಿರುವವರು ಯಾರೆಂದು ಅರ್ಧ ಊರಿಗೆ ಗೊತ್ತು.

"ಗುಟ್ಟು ಹೊರಗ ಹೋಗಬಾರ್ದು, ನೋಡ್ಕೋ" ಎಂದು ಸಿಪಾಯಿಗೆ ಹೇಳಿದೆ.

"ಅದು ನನ್ನ ಮ್ಯಾಲ ಬಿಡ್ರಿ ಮೇಡಂ" ಎಂದ.

ಮರುದಿನ ಒಬ್ಬ ಹೈಸ್ಕೂಲ್ ಹೆಡ್‌ಮಾಸ್ತರರು ಕದ್ದುಮುಚ್ಚಿ ಬಂದರು. ಒಂದು ತಾಸು ಮಾತಾಡಿ, ಮುಖ ಒರೆಸಿಕೊಂಡು ಹೊರಗೆ ಹೋದರು. ಹೋದವರೇ ಚೀರಿದರು: "ನನ್ನ ಚಪ್ಪಲಿ ಯಾರು ಒಯ್ದಾರ? ಕಾಲೇಜದಾಗೂ ಕಳ್ಳರ ಏನ್ರೀ?" ನಾಲ್ಕು ಕ್ಲಾಸು ಹೊರಗೆ ಬಂದು ನಿಂತಿತು. ಎಲ್ಲರೂ ಅವರ ಕೆಂಪಾದ ಕಣ್ಣು ನೋಡಿದರು.

ಸಿಪಾಯಿ ಉಡದಾರದಿಂದ ಕೀಲಿ ಬಿಚ್ಚಿ, ಕಪಾಟು ತೆರೆದು, ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದ: "ಗುಟ್ಟಾಗಿ ಇಟ್ಟಿದ್ದೆ ಸರ್. ನೀವೇ ಒದರಿ ಎಲ್ಲಾರಿಗಿ ಹೇಳಿದ್ರಿ."

ಒಬ್ಬರೇ ಬರಬೇಕು

ಕಷ್ಟ ಇದ್ದವರು ಒಬ್ಬರೇ ಬರಬೇಕು ಅನ್ನುವುದು ಇನ್ನೊಂದು ನಿಯಮ. ಅದನ್ನು ಬರೆದವರು ಹತ್ತಿರದ ಮಾಕಣಿ ಹಳ್ಳಿಗೆ ಬಂದಿಲ್ಲ. ಅಲ್ಲಿ ಶಿಬಿರ ಹಾಕಿದಾಗ ಒಬ್ಬ ಸೊಸೆ ಬಂದಳು, ಜೊತೆಗೆ ಅವಳ ಚಿಗವ್ವ, ಅಂದರೆ ಚಿಕ್ಕಮ್ಮ. ಸೊಸೆಗೆ ತಿಂಗಳಿಂದ ನಿದ್ದೆ ಇರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಉಳಿದಿರಲಿಲ್ಲ.

"ನೀವು ಹೊರಗ ಕೂಡ್ರಿ" ಎಂದೆ ಚಿಗವ್ವನಿಗೆ.

"ಆಕಿಗಿ ಹೇಳಾಕ ಬರಲ್ಲ ರೀ. ಆಕಿದು ನಾ ಹೇಳ್ತೀನಿ."

ಹೇಳಲು ಶುರು ಮಾಡಿದಳು. ಸೊಸೆಯದು ಐದು ನಿಮಿಷಕ್ಕೆ ಮುಗಿಯಿತು. ಆಮೇಲೆ ತನ್ನದು ಬಂತು. ಇಪ್ಪತ್ತು ವರ್ಷದ ಹಿಂದೆ ತನಗೂ ಹೀಗೇ ಆಗಿತ್ತಂತೆ, ಆಗ ಯಾರೂ ಒಂದು ಮಾತು ಕೇಳಿರಲಿಲ್ಲವಂತೆ. ಅತ್ತಳು, ಸುಧಾರಿಸಿಕೊಂಡಳು, ಮತ್ತೆ ಅತ್ತಳು. ನನ್ನ ವಿದ್ಯಾರ್ಥಿನಿ ಒಂದು ತಾಸು ಅಲ್ಲಾಡದೆ ಕೇಳಿದಳು. ಸೊಸೆ ಗೋಡೆಗೆ ಒರಗಿ ಗಾಢವಾಗಿ ಮಲಗಿಬಿಟ್ಟಿದ್ದಳು.

ಹೋಗುವಾಗ ಚಿಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಅಂದಳು: "ಆಕಿಗಿ ಭಾಳ ಹಗೂರ ಆತು ನೋಡ್ರಿ. ನಾಳಿ ಮತ್ತ ಆಕಿನ್ನ ಕರ್ಕೊಂಡು ಬರ್ತೀನಿ. ಆಕಿದು ಇನ್ನಾ ಭಾಳ ಹೇಳೂದದ."

ಜಳಕೋಟದ ಅಪ್ಪ

ಮಾಕಣಿಯಲ್ಲಿ ಕೇಳುತ್ತ ಕೂತಿದ್ದ ನನ್ನ ಆ ವಿದ್ಯಾರ್ಥಿನಿ ಜಳಕೋಟದವಳು. ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ಅವರ ಮನೆಯಲ್ಲಿ ಎಂ.ಎ. ತನಕ ಬಂದವಳು ಇವಳೊಬ್ಬಳೇ. ಪರಿಶೀಲನೆಗೆ ಸಮಿತಿ ಬರುವ ಹೊತ್ತಿಗೆ ಐದು ಮಂದಿಯ ತಾಸು ತುಂಬಿದ್ದವು. ಇವಳದೊಂದೇ ಒಂದು ತಾಸು ಕಮ್ಮಿ.

ಸುದ್ದಿ ಮನೆಗೆ ಮುಟ್ಟಿತು. ಒಂದು ದಿನ ಅವಳಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಉದಗೀರದಲ್ಲೊಂದು, ನಿಲಂಗಾದಲ್ಲೊಂದು ಬಸ್ಸು ಬದಲಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದರು. ನೇರ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತರು. ನನಗೂ ತಡೆಯುವ ಮನಸ್ಸಾಗಲಿಲ್ಲ. ಮಗಳು ಎದುರು ಕೂತಳು. ಅವರು ಒಂದು ಮಾತೂ ಆಡಲಿಲ್ಲ. ಅವರಲ್ಲಿ ಕಷ್ಟ ಬಂದವರ ಪಕ್ಕ ಸುಮ್ಮನೆ ಕೂಡುವುದೇ ರೂಢಿ. ಒಂದು ತಾಸು ಅಪ್ಪ, ಮಗಳು, ನಾನು, ಕಬ್ಬಿಣದ ಗುಂಡು, ಎಲ್ಲರೂ ಸುಮ್ಮನೆ ಕೂತೆವು.

ಆಮೇಲೆ ನಾನೇ ಹೇಳಬೇಕಾಯಿತು: "ಅಣ್ಣಾ, ಮನೀ ಮಂದಿ ನಡೆಯೂದಿಲ್ಲ. ನಾಟಕ ಮಾಡಿ ಕೂತದ್ದೂ ನಡೆಯೂದಿಲ್ಲ. ಖರೇ ಕಷ್ಟ ಇದ್ದ ಪರರೇ ಬೇಕು. ನಿಯಮ ಹಂಗ ಅದ."

ಅವರು ಕಂಬಳಿ ಹೆಗಲಿಗೇರಿಸಿ ಎದ್ದರು. "ನಡೆಯೂದಿಲ್ಲಾ? ಮನ್ಯಾಗ ಈಕಿ ಒಂದು ಗಳಿಗಿ ಬಾಯಿ ಮುಚ್ಚಿದಾಕಿ ಅಲ್ಲ ರೀ. ಇಲ್ಲಿ ಒಂದು ತಾಸು ಸುಮ್ಮ ಕೂತಾಳ. ಅದಕ್ಕರೆ ಡಿಗ್ರಿ ಕೊಡ್ರಿ!"

ಸಮಿತಿ

ಸಮಿತಿ ಬಂತು. ಸದಸ್ಯರು ಲೈಬ್ರರಿಗೆ ಹೋದರು. ಅಧ್ಯಕ್ಷರು, ಪುಣೆಯ ನಿವೃತ್ತ ಪ್ರಾಧ್ಯಾಪಕರು, ರಿಜಿಸ್ಟರು ತಿರುವಿ ಹಾಕಿ ಹುಡುಗಿಯನ್ನು ಕರೆದರು. ನೀನು ಹೇಗೆ ಕೇಳುತ್ತೀ ನೋಡೋಣ, ನಾನು ಕಷ್ಟ ಇದ್ದವನ ಪಾತ್ರ ಮಾಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಕೋಣೆಯೊಳಗೆ ಕೂತರು. ಮೂಲೆಯ ಸ್ಟೂಲಿನಲ್ಲಿ ನಾನು. ಒಬ್ಬ ಮುದುಕ, ಹೆಂಡತಿ ತೀರಿಕೊಂಡಿದ್ದಾಳೆ, ಹೀಗೆ ಶುರು ಮಾಡಿದರು. ನಡುವೆ ನಿಲ್ಲಿಸಿ ಮನೆಮಾತು ಯಾವುದೆಂದು ಕೇಳಿದರು.

"ಕನ್ನಡಾ ರೀ ಸರ್."

ಅವರ ಮುಖ ಬೇರೆಯೇ ಆಯಿತು. "ನನ್ನಾಕಿ ನಿಲಂಗಾ ಕಡಿಯಾಕಿ" ಎಂದರು, ತಡವರಿಸುವ ಕನ್ನಡದಲ್ಲಿ. "ಮನ್ಯಾಗ ಕನ್ನಡದಾಗೇ ಬೈತಿದ್ಲು. ಹಸಿ ಟಾವೆಲ್ ಹಾಸಿಗಿ ಮ್ಯಾಲ ಒಗದ್ರ ಮುಂಜಾನಿಂದ ಸಂಜಿ ತನಕ ಬೈತಿದ್ಲು. ಈಗೂ ಬೇಕಂತೇ ಒಗಿತೀನಿ. ಒಗದು ನಿಂದಿರ್ತೀನಿ. ಯಾರೂ ಏನೂ ಅನ್ನಂಗಿಲ್ಲ. ಆಕಿ ಹೋದ ಮ್ಯಾಲ ನಮ್ಮ ಮನ್ಯಾಗ ಕನ್ನಡಾ ಬಂದ್ ಆಗ್ಯಾದ."

ಹುಡುಗಿ ತನ್ನ ಅಪ್ಪನ ಹಾಗೆ ಸುಮ್ಮನೆ ಕೂತಳು. ಒಂದು ತಾಸಿಗೆ ಕಮ್ಮಿಯಿಲ್ಲದೆ ಅವರು ಮಾತಾಡಿದರು, ಅತ್ತರು. ಆಮೇಲೆ ಕನ್ನಡಕ ಒರೆಸಿಕೊಂಡು, ಮರಾಠಿಗೆ ವಾಪಸು ಬಂದು, ಪಾತ್ರ ಮುಗಿಯಿತು ಎಂದರು.

ಹೊರಗೆ ಹುಡುಗಿ ನನ್ನ ಕೈ ಹಿಡಿದಳು. "ಮೇಡಂ, ಅದು ನಾಟಕ ಇದ್ದಿಲ್ಲ. ಸಮಿತಿಯವ್ರಿಗಿ ಹೇಳ್ರಿ, ನನ್ನ ತಾಸು ತುಂಬ್ತದ."

"ಒಳಗಿನ ಮಾತು ಹೊರಗ ಆಡಂಗಿಲ್ಲ" ಎಂದೆ. "ಅದೂ ನಿಯಮಾನೇ." ಆ ಕ್ಷಣ ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು.

ಸಂಜೆ ಅಧ್ಯಕ್ಷರು ವರದಿ ಓದಿದರು. ಎಲ್ಲ ಸಮರ್ಪಕ. ಪಾತ್ರಾಭಿನಯವನ್ನು ಲೆಕ್ಕಕ್ಕೆ ಹಿಡಿಯಲಾಗದ ಕಾರಣ ಒಬ್ಬ ವಿದ್ಯಾರ್ಥಿನಿಯದು ಒಂದು ತಾಸು ಕಮ್ಮಿ. ತುಂಬಿಸಲು ಒಂದು ತಿಂಗಳು ಗಡುವು.

ತುಂಬಿದ ತಾಸು

ಆ ತಿಂಗಳು ಯಾರೂ ಬರಲಿಲ್ಲ. ಹೆಡ್‌ಮಾಸ್ತರರ ಚಪ್ಪಲಿಯ ಕಥೆ ತಾಲೂಕೆಲ್ಲ ಹರಡಿತ್ತು. ಮಾಕಣಿಗೆ ಹೋದೆವು, ಚಿಗವ್ವ ಸುಗ್ಗಿಗೆ ಹೋಗಿದ್ದಳು. ಹುಡುಗಿ ಊಟ ಬಿಟ್ಟಳು. ಅವಳ ಸಲುವಾಗಿ ಉಳಿದ ಐವರು ನನ್ನ ಮುಖ ನೋಡುವರು, ನಾನು ಬಾಗಿಲು ನೋಡುವೆನು.

ಗಡುವಿನ ಕೊನೆಯ ದಿನ ಮಧ್ಯಾಹ್ನ ಸಿಪಾಯಿ ಓಡಿ ಬಂದ. "ಮೇಡಂ, ಯಾರೋ ಮುದುಕರು ಬಂದಾರ. ಚಪ್ಪಲಿ ಆಗಲೇ ಕಪಾಟಿನ್ಯಾಗ ಇಟ್ಟೀನಿ."

ಕುರ್ಚಿಯಲ್ಲಿ ಕೂತವರು ಅಧ್ಯಕ್ಷರು. ಜೊತೆಗೆ ಸಮಿತಿ ಇಲ್ಲ, ಕಾರು ಇಲ್ಲ. ಕೆಂಪು ಬಸ್ಸಿನ ಧೂಳು ಮೈಮೇಲೆ.

"ಒಂದು ತಾಸು ಕಮ್ಮಿ ಅದ ಅಂತ ನಾನೇ ಬರದಿದ್ದೆ" ಎಂದರು ನೆಲ ನೋಡುತ್ತ. "ಇವತ್ತ ನಾಟಕ ಮಾಡಲ್ಲ."

ಆ ತಾಸಿನ ಮಾತು ಹೇಳುವಂತಿಲ್ಲ. ಮುಗಿದ ಮೇಲೆ ರಿಜಿಸ್ಟರಿನಲ್ಲಿ ನಂಬರಿನ ಎದುರು ಹೆಬ್ಬೆಟ್ಟು ಒತ್ತಿದರು, ಸಹಿ ಹಾಕಿದರೆ ನಾಳೆ ಪರಿಶೀಲನೆಯಲ್ಲಿ ಅದನ್ನು ಸಮಿತಿಯ ಎದುರು ತಾವೇ ಓದಬೇಕಾಗುತ್ತದಲ್ಲ. ಆರು ಡಿಗ್ರಿ ಉಳಿದವು, ವಿಭಾಗ ಉಳಿಯಿತು. ನಾನು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಆಗ ನೆನಪಾಯಿತು. ಸಿಪಾಯಿ ಚಹಾಕ್ಕೆ ಹೋಗಿದ್ದ, ಕೀಲಿ ಅವನ ಉಡದಾರದಲ್ಲಿತ್ತು. ಇವರು ಚಪ್ಪಲಿ ಕೇಳಿದರೆ ನಾಲ್ಕು ಕ್ಲಾಸು ಹೊರಗೆ ಬರುತ್ತಿತ್ತು. ಕೇಳದೇ ಹೊರಟಿದ್ದರು. ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ, ಬರಿಗಾಲಲ್ಲಿ, ಬಸ್‌ಸ್ಟ್ಯಾಂಡಿನ ಕಡೆಗೆ.

ಹುಡುಗಿ ಓಡಿದಳು, ಹಿಂದೆ ನಾನು. ನಡುರಸ್ತೆಯಲ್ಲಿ ಅವರನ್ನು ತಡೆದು ನಿಲ್ಲಿಸಿ, ಎರಡು ವರ್ಷ ನಾನು ಕಲಿಸಿದ್ದೆಲ್ಲ ಮರೆತು, ಜಳಕೋಟದ ಗಂಟಲಿನಲ್ಲಿ ಚೀರಿದಳು: "ಏನ್ ರೀ ಸರ್, ತಲಿ ಗಿಲಿ ಅದಾ ಇಲ್ಲಾ ನಿಮಗ? ಇಂಥಾ ಬಿಸಲಾಗ ಬರಿಗಾಲಲೇ ಹೊಂಟೀರಿ! ಕಾಲಾಗ ಬೊಬ್ಬಿ ಎದ್ರ ಯಾರು ನೋಡವ್ರು? ಈ ವಯಸ್ಸಿನ್ಯಾಗ ಇಷ್ಟೂ ತಿಳಿಯಂಗಿಲ್ಲಾ?"

ಸಮಾಲೋಚಕರು ಬೈಯಬಾರದು. ನಿಯಮಾವಳಿಯ ಮೊದಲ ಪುಟದಲ್ಲೇ ಇದೆ. ಮುಗಿಯಿತು ನಮ್ಮ ಮಾನ್ಯತೆ ಎಂದುಕೊಂಡು ಅವಳ ತೋಳು ಹಿಡಿದೆಳೆದೆ.

ಅವರು ಒಂದು ಕಾಲೆತ್ತಿ, ಇನ್ನೊಂದು ಕಾಲಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ ನಿಂತಿದ್ದರು.

"ಬಿಡ್ರಿ ಮೇಡಂ, ಆಕಿನ್ನ ತಡೀಬ್ಯಾಡ್ರಿ" ಎಂದರು. "ಬೈ ಯವ್ವಾ, ಇನ್ನಾ ಸ್ವಲ್ಪ ಬೈ. ಬಸ್ಸಿಗಿ ಅರ್ಧಾ ತಾಸು ಟೈಮ್ ಅದ."