ಅಕ್ರಮ ಆರೋಗ್ಯದ ಸಕ್ರಮ

ಆರೋಗ್ಯವಾಗಿರುವುದು ತಪ್ಪಲ್ಲ, ಆದರೆ ಅದಕ್ಕೊಂದು ಕ್ರಮವಿದೆ ಎಂದು ದೀರ್ಘಾಯು ಮಂಡಳಿಯ ಮೂಡಿಗೆರೆ ಶಾಖೆ ಮೊದಲಿನಿಂದಲೂ ನಂಬಿಕೊಂಡು ಬಂದಿದೆ. ಜನ ದಿನವೂ ಹಿತಮಿತವಾಗಿ ಉಂಡು, ನಡೆದಾಡಿ, ಮುಂದಿನ ನಲವತ್ತು ವರ್ಷಗಳಲ್ಲಿ ಅದರ ಫಲ ಪಡೆಯುವಂತೆ ಮಾಡುವುದೇ ಮಂಡಳಿಯ ಧ್ಯೇಯ. ಈ ಬಗ್ಗೆ ಪ್ರತಿ ತಿಂಗಳೂ ಸಭೆ ಸೇರಿ, ಜಾಮೂನು ತಿಂದು, ನಿರ್ಣಯ ಅಂಗೀಕರಿಸಲಾಗುತ್ತಿತ್ತು.

ಶಾಖೆಯ ಗುಮಾಸ್ತ ಓಂಕಾರಪ್ಪನವರಿಗೆ ವಯಸ್ಸು ಐವತ್ತೆರಡು, ಸೇವೆ ಇಪ್ಪತ್ತಾರು ವರ್ಷ, ರಕ್ತದ ಸಕ್ಕರೆ ಇನ್ನೂರ ನಲವತ್ತು. ಸಭೆಯಲ್ಲಿ ಉಳಿದ ಜಾಮೂನಿನ ವಿಲೇವಾರಿ ಅವರ ಹೊಣೆಯಾದ್ದರಿಂದ ಈ ಸಕ್ಕರೆಯನ್ನೂ ಅವರು ಕರ್ತವ್ಯದ ಭಾಗವೆಂದೇ ತಿಳಿದಿದ್ದರು. ಡಾಕ್ಟರ್ ಕೃತಿಕಾ ಹಾಗೆ ತಿಳಿಯಲಿಲ್ಲ. ಹೀಗೇ ಹೋದರೆ ಮಳೆಗಾಲದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದರು. ಓಂಕಾರಪ್ಪನವರಿಗೆ ಸೂಜಿ ಎಂದರೆ ಎಷ್ಟು ಭಯವೆಂದರೆ, ಹೆಂಡತಿ ವಿಶಾಲಾಕ್ಷಮ್ಮ ಅಂಗಿಗೆ ಗುಂಡಿ ಹೊಲಿಯುವಾಗಲೂ ಅವರು ಪಕ್ಕದ ಕೋಣೆಗೆ ಹೋಗಿ ಕೂರುತ್ತಿದ್ದರು.

ಡಿಸೆಂಬರಿನಲ್ಲಿ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. ಆರೋಗ್ಯದ ದೀರ್ಘಕಾಲೀನ ಲಾಭ ಪಡೆದ ಕನಿಷ್ಠ ಒಬ್ಬ ಫಲಾನುಭವಿಯನ್ನು ಇದೇ ಮಾರ್ಚ್ ಮೂವತ್ತೊಂದರೊಳಗೆ ತೋರಿಸತಕ್ಕದ್ದು. ತಪ್ಪಿದಲ್ಲಿ ಶಾಖೆಯನ್ನು ಮುಚ್ಚಲಾಗುವುದು. ಇದಕ್ಕೆಂದೇ ಮಂಡಳಿ ತಂದ ಯೋಜನೆ ಶುರುವಾಗಿ ಆಗಿನ್ನೂ ಎಂಟು ತಿಂಗಳಾಗಿತ್ತು. ಕಾರ್ಯದರ್ಶಿ ಉಮಾಮಹೇಶ್ವರ ಅವರು ಸುತ್ತೋಲೆಯನ್ನು ಎರಡು ಸಲ ಓದಿದರು. ನಲವತ್ತು ವರ್ಷದ ಫಲವನ್ನು ನಾಲ್ಕು ತಿಂಗಳಲ್ಲಿ ಪಡೆಯುವುದು ಕಷ್ಟ, ಈಗಾಗಲೇ ಪಡೆದವರನ್ನು ಹುಡುಕುವುದು ಸುಲಭ ಎಂಬ ತೀರ್ಮಾನಕ್ಕೆ ಬಂದರು.

ಸಿಕ್ಕಿದವರು ಗೋಣಿಬೀಡಿನಾಚೆ ಗುಡ್ಡದ ಮೇಲಿದ್ದ ಕೃಷ್ಣಮ್ಮ. ವಯಸ್ಸು ಎಂಬತ್ತೊಂಬತ್ತು. ಎಸ್ಟೇಟಿನ ನರ್ಸರಿಯಲ್ಲಿ ದುಡಿದು, ಕೆಲಸ ಬಿಟ್ಟ ಮೇಲೆ ಸ್ವಂತ ತರಕಾರಿ ಮಡಿ ಮಾಡಿಕೊಂಡಿದ್ದ ಅವರು ಈಗಲೂ ಕನ್ನಡಕವಿಲ್ಲದೆ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಅವರನ್ನು ಅರವತ್ತು ವರ್ಷ ಹಿಂದಿನಿಂದಲೇ ಜಾರಿಗೆ ಬರುವಂತೆ ಯೋಜನೆಗೆ ಸೇರಿಸಿಕೊಳ್ಳಲಾಯಿತು. ಅಷ್ಟೂ ವರ್ಷ ಉಂಡದ್ದನ್ನು ದಿನವಾರು ನಮೂನೆಯಲ್ಲಿ ತುಂಬಿಸಿಕೊಂಡು ಬರಲು ಓಂಕಾರಪ್ಪನವರಿಗೆ ಆದೇಶವಾಯಿತು.

ಜೀಪು ಕಡೇ ತಿರುವಿನವರೆಗೆ ಮಾತ್ರ. ಅಲ್ಲಿಂದ ಎರಡು ಮೈಲಿ ಏರು. ಮೊದಲ ದಿನ ಓಂಕಾರಪ್ಪ ಏಳು ಕಡೆ ಕೂತು, ಎಂಟನೇ ಕಡೆ ಮಲಗಿ, ಮಧ್ಯಾಹ್ನಕ್ಕೆ ಅಂಗಳ ಮುಟ್ಟಿದರು. ಹಸಿದವರ ಹತ್ತಿರ ತಾನು ಮಾತಾಡುವುದಿಲ್ಲವೆಂದು ಕೃಷ್ಣಮ್ಮ ಒಂದು ರಾಗಿ ಮುದ್ದೆ, ಹುರುಳಿ ಸಾರು, ಹರಿವೆ ಸೊಪ್ಪಿನ ಪಲ್ಯ ಬಡಿಸಿದರು. ಇನ್ನೊಂದು ಮುದ್ದೆ ಕೇಳಿದರೆ ಮಜ್ಜಿಗೆ ಬಂತು. ಆಮೇಲೆ ಓಂಕಾರಪ್ಪ ನಮೂನೆ ಬಿಚ್ಚಿ, ಅರವತ್ತು ವರ್ಷದ ಹಿಂದೆ ಏಪ್ರಿಲ್ ಒಂದರ ಬೆಳಿಗ್ಗೆ ಏನು ತಿಂದಿರಿ ಎಂದು ವಿಚಾರಿಸಿದರು.

“ಹಸಿವಾದಾಗ ಉಂಡಿದ್ದೀನಿ, ಸಾಕು ಅನ್ನಿಸಿದಾಗ ಎದ್ದಿದ್ದೀನಿ. ಹಂಗೇ ಬರ್ಕೊ ಮಾರಾಯ,” ಎಂದರು ಕೃಷ್ಣಮ್ಮ.

ನಮೂನೆಯಲ್ಲಿ ‘ಸಾಕು’ ಎಂಬುದಕ್ಕೆ ಕಾಲಂ ಇರಲಿಲ್ಲ. ಹಾಗಾಗಿ ಓಂಕಾರಪ್ಪ ಮರುದಿನವೂ ಹೋದರು, ಅದರ ಮರುದಿನವೂ ಹೋದರು. ಕೃಷ್ಣಮ್ಮ ನೆನಪು ಮಾಡಿಕೊಳ್ಳುವಾಗ ಇವರ ಕೈಗೆ ಗುದ್ದಲಿ ಕೊಟ್ಟು ಮಡಿ ಕಡಿಸುತ್ತಿದ್ದರು. ಸುಮ್ಮನೆ ಕೂತವರನ್ನು ಕಂಡರೆ ಅವರಿಗೆ ಏನೂ ನೆನಪಾಗುತ್ತಿರಲಿಲ್ಲವಂತೆ. ಫೆಬ್ರವರಿ ಮುಗಿಯುವಾಗ ನಮೂನೆಯಲ್ಲಿ ಒಂಬತ್ತು ವರ್ಷ ತುಂಬಿತ್ತು. ಓಂಕಾರಪ್ಪ ಎಲ್ಲೂ ಕೂರದೆ ಗುಡ್ಡ ಹತ್ತುತ್ತಿದ್ದರು. ಪ್ಯಾಂಟು ಮಾತ್ರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಮಾರ್ಚಿನಲ್ಲಿ ಕೇಂದ್ರ ಕಚೇರಿಯ ತಪಾಸಣಾಧಿಕಾರಿ ಪ್ರಸನ್ನಕುಮಾರ್ ಬಂದರು. ಅವರಿಗೆ ಏರು ಹತ್ತಲಾಗದ ಕಾರಣ ಕೃಷ್ಣಮ್ಮನವರೇ ಇಳಿದು ಬಂದು ಜೀಪಿನ ಪಕ್ಕ ನಿಂತು ತಪಾಸಣೆಗೆ ಒಳಪಟ್ಟರು. ಯೋಜನೆಯೇ ಇಲ್ಲದ ಕಾಲದಲ್ಲಿ ಯಾರ ಅನುಮತಿಯ ಮೇಲೆ ಆರೋಗ್ಯವಾಗಿದ್ದಿರಿ ಎಂದು ಅಧಿಕಾರಿಗಳು ಕೇಳಿದರು. ಯಾರೂ ಬೇಡ ಅನ್ನಲಿಲ್ಲ ಎಂದು ಕೃಷ್ಣಮ್ಮ ಇದ್ದದ್ದನ್ನು ಇದ್ದಂತೆ ಹೇಳಿದರು. ಅವರ ಆರೋಗ್ಯ ಅಕ್ರಮವೆಂದು ದಾಖಲಾಯಿತು. ಎರಡು ವಾರ ಕಾಯಿಲೆ ಬಿದ್ದು, ಯೋಜನೆಯ ಪ್ರಕಾರ ಗುಣವಾದರೆ ಪರಿಗಣಿಸಬಹುದು ಎಂದು ಅಧಿಕಾರಿಗಳು ಕನಿಕರದಿಂದ ಸೂಚಿಸಿದರು.

ಕೃಷ್ಣಮ್ಮ ಯೋಚನೆ ಮಾಡಿದರು. “ಮೆಣಸು ಕೊಯ್ಲು ಒಂದು ಮುಗೀಲಿ. ಆಮೇಲೆ ಬೇಕಾದ್ರೆ ನೋಡುವ.”

ಅದೇ ದಿನ ಓಂಕಾರಪ್ಪನವರ ರಕ್ತದ ವರದಿಯೂ ಬಂದಿತ್ತು: ನೂರ ಹದಿನೆಂಟು. ಇನ್ಸುಲಿನ್ ಮಾತು ಇನ್ನು ಬೇಡ ಎಂದು ಡಾಕ್ಟರ್ ಬರೆದಿದ್ದರು. ಅರ್ಜಿ ಸಲ್ಲಿಸದೆ, ಅದೂ ಕಚೇರಿ ವೇಳೆಯಲ್ಲಿ, ಗುಣಮುಖರಾಗಿದ್ದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡುವಂತೆ ಅವರಿಗೆ ನೋಟಿಸು ಜಾರಿಯಾಯಿತು.

ಆರೋಗ್ಯವು ಕರ್ತವ್ಯದ ವೇಳೆ ಉದ್ದೇಶವಿಲ್ಲದೆ ಉಂಟಾದದ್ದೆಂದೂ, ಒತ್ತುವರಿ ಜಮೀನನ್ನೇ ಸಕ್ರಮ ಮಾಡುವ ನಾಡಿನಲ್ಲಿ ತಮ್ಮ ಮತ್ತು ಕೃಷ್ಣಮ್ಮನವರ ಆರೋಗ್ಯವನ್ನೂ ಸಕ್ರಮಗೊಳಿಸಬೇಕೆಂದೂ ಓಂಕಾರಪ್ಪ ಉತ್ತರ ಬರೆದರು. ಉಮಾಮಹೇಶ್ವರ ಅವರು ಅದನ್ನು ಓದಿ ತಲೆ ಎತ್ತಿದರು.

“ಮುಂದೆ ಮರುಕಳಿಸದಂತೆ ನೋಡಿಕೊಳ್ಳುತ್ತೇನೆ ಅನ್ನೋ ಸಾಲು ಬಿಟ್ಟುಹೋಗಿದೆಯಲ್ರೀ.”

“ಬಿಟ್ಟುಹೋಗಿದ್ದಲ್ಲ ಸಾರ್, ಬಿಟ್ಟಿದ್ದು. ಇಪ್ಪತ್ತಾರು ವರ್ಷ ಎಲ್ಲದಕ್ಕೂ ಬರೆದಿದ್ದೀನಿ. ಇದಕ್ಕೆ ಬರೆಯಕ್ಕಾಗಲ್ಲ.”

ಕಾರ್ಯದರ್ಶಿಗಳು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಶಿಫಾರಸು ಮಾಡಿ ಸಹಿ ಹಾಕಿದರು. ಮಾರ್ಚ್ ಮೂವತ್ತರಂದು ಕೇಂದ್ರ ಕಚೇರಿಯ ಒಪ್ಪಿಗೆ ಬಂದು ಇಬ್ಬರ ಆರೋಗ್ಯವೂ ಸಕ್ರಮವಾಯಿತು, ಶಾಖೆಯೂ ಉಳಿಯಿತು.

ಸುದ್ದಿ ಹರಡಿ, ತಮಗೂ ಸಕ್ರಮ ಆರೋಗ್ಯ ಬೇಕೆಂದು ಜನ ಅರ್ಜಿ ಹಿಡಿದು ಬರತೊಡಗಿದಾಗ, ಸಕ್ರಮ ಕೌಂಟರನ್ನು ಫಲಾನುಭವಿ ಕೃಷ್ಣಮ್ಮನವರ ಅಂಗಳದಲ್ಲೇ ತೆರೆಯಲಾಯಿತು. ಅರ್ಜಿದಾರರು ದಾಖಲೆಗಳೊಂದಿಗೆ ನಲವತ್ತು ಸಲ ಖುದ್ದು ಹಾಜರಾಗತಕ್ಕದ್ದು. ಮಧುಮೇಹಿಗಳು, ಮಂಡಿನೋವಿನವರು, ರಜೆ ಹಾಕಿ ಬಂದ ಪ್ರಸನ್ನಕುಮಾರ್ ಎಲ್ಲರೂ ಹತ್ತಿ ಇಳಿಯುತ್ತಾರೆ, ಮಡಿ ಕಡಿಯುತ್ತಾರೆ, ಒಂದು ಮುದ್ದೆ ಉಂಡು ಎದ್ದುಹೋಗುತ್ತಾರೆ. ನಲವತ್ತನೇ ಸಲಕ್ಕೆ ಬಹುತೇಕರು ಗುಣವಾಗಿರುತ್ತಾರೆ. ಮಂಜೂರಾತಿಗೆ ಮುಂಚೆಯೇ ಗುಣವಾದದ್ದರಿಂದ ಆ ಆರೋಗ್ಯ ಅಕ್ರಮವೆನಿಸಿ, ಅರ್ಜಿ ತಿರಸ್ಕೃತವಾಗುತ್ತದೆ. ಓಂಕಾರಪ್ಪ ತಿರಸ್ಕಾರದ ಮೊಹರು ಒತ್ತಿ, ಹೊಸ ಅರ್ಜಿಯನ್ನು ನಾಳೆಯೇ ಕೊಡಬಹುದು ಎನ್ನುತ್ತಾರೆ. ಅರ್ಜಿದಾರರೆಲ್ಲ ‘ಆಗಲಿ’ ಎಂದು ಗುದ್ದಲಿ ಒರಗಿಸಿಟ್ಟು ಇಳಿದುಹೋಗುತ್ತಾರೆ.