ಭಾಲ್ಕಿಯಲ್ಲಿ ಸಿಕ್ಕ ನನ್ನ ಮೊದಲ ಗಿರಾಕಿ

ಗಿರಾಕಿ ಹುಡುಕುವುದು ಏನು ಮಹಾ ಕೆಲಸ? ನಾನು ಹಾಗೇ ಅಂದುಕೊಂಡಿದ್ದೆ. ನನಗೆ ಅಕ್ಷರ ಕಡಿಮೆ, ಬಾಯಿ ಜಾಸ್ತಿ. ವ್ಯಾಪಾರಕ್ಕೆ ಅಷ್ಟು ಸಾಕಲ್ಲ!

ಮನೆಯಲ್ಲೇ ಕೂತು ಕೌದಿ ಹೊಲಿಯುವುದು ನನ್ನ ಉದ್ಯೋಗ. ಗಿರಾಕಿ ತಮ್ಮ ಹಳೆ ಸೀರೆ ಕೊಡಬೇಕು, ನಾನು ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದು ಕೊಡಬೇಕು. ಕೊಡುವವರೇ ಇರಲಿಲ್ಲ, ಅಷ್ಟೇ. ಪಡಸಾಲೆಯ ಮೂಲೆಯಲ್ಲಿ ನನ್ನ ಚಿಂದಿ ಗಂಟುಗಳು ಕೂತಿದ್ದವು. ಸೊಸೆ ರೂತಳ ಕಣ್ಣು ಆ ಮೂಲೆಯ ಮೇಲೆ.

"ಅತ್ತಿ, ಒಂದು ತಿಂಗಳಾಗ ಒಬ್ಬ ಗಿರಾಕಿ ತೋರಸ್ರಿ, ಮೂಲಿ ನಿಮ್ದು. ಇಲ್ಲಾಂದ್ರ ಅಲ್ಲಿ ನನ್ನ ಹೊಲಿಗಿ ಮಷಿನ್ ಇಡ್ತೇನಿ."

"ಒಬ್ಬ ಯಾಕ? ಸಾಲು ಹಚ್ಚಸ್ತೇನಿ!" ಎಂದೆ.

ಮೊದಲು ಬೀದರದ ನಮ್ಮ ಚರ್ಚಿನಲ್ಲೇ ಶುರು ಮಾಡಿದೆ. ಕೂಸಿಗೆ ಕೌದಿ ಬೇಕೇ ಬೇಕು. ಆದ್ದರಿಂದ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಹೊಸ ಸೊಸೆಯಂದಿರ ಹೊಟ್ಟೆ ಪರೀಕ್ಷಿಸಿದೆ.

"ನಿಮ್ಮ ಸೊಸೀಗಿ ಎಷ್ಟನೇ ತಿಂಗಳರಿ?" ಎಂದು ಒಬ್ಬ ಟೀಚರಮ್ಮನನ್ನು ಕೇಳಿದೆ.

"ಆಕಿ ಮೊದಲಿಂದ ಹಂಗೇ ದಪ್ಪ ಇದ್ದಾಳ್ರಿ," ಎಂದಳು ಟೀಚರಮ್ಮ, ಹಲ್ಲು ಕಡಿದು. "ನಿಮಗಾಗಿ ಪ್ರಾರ್ಥನಾ ಮಾಡ್ತೇವ್ರಿ."

ನಮ್ಮ ಚರ್ಚಿನಲ್ಲಿ ಹಾಗಂದರೆ, ಇನ್ನು ನಡೆ ಎಂದರ್ಥ. ನಡೆದೆ.

ಮರುದಿನ ಬಸ್ಸು ಹತ್ತಿ ಭಾಲ್ಕಿಗೆ ಹೋದೆ. ಓಣಿಯಲ್ಲಿ ನಿಂತು, "ಹಳೀ ಸೀರಿ ಇದ್ರ ತರ್ರೀ!" ಎಂದು ಕೂಗಿದೆ. ಕೌದಿಯ ಹೆಸರೇ ಎತ್ತಲಿಲ್ಲ. ಹಳೆ ಸೀರೆ ಇನ್ಯಾತಕ್ಕೆ ಕೇಳುತ್ತಾರೆ?

ಪಟಪಟ ಬಾಗಿಲು ತೆರೆದವು! ಕಮಲಾಬಾಯಿ ಎಂಬಾಕೆ ಆರು ಸೀರೆ ತಂದು ಸುರಿದಳು.

"ಯಾವಾಗ ತಂದು ಕೊಡ್ತೀರಿ ಆಯಿ?"

"ತಿಂಗಳು ತುಂಬೂದ್ರಾಗ ತರ್ತೇನಿ. ಬೀದರದಾಗ ಚರ್ಚಿನ ಹಿಂದೇ ನನ್ನ ಮನಿ."

"ಗಟ್ಟಿ ಇರಬೇಕ್ರಿ ಮತ್ತ. ಹೋದ ಸಲ ಒಬ್ಬಾಕಿ ಕೊಟ್ಟಿದ್ದು ಎರಡೇ ದಿನಕ್ಕ ತಳ ತೂತು ಬಿತ್ತು."

ಈಕೆಯ ಮೊಮ್ಮಗ ಹಾಸಿಗೆಯಲ್ಲೇ ಉಚ್ಚೆ ಹೊಯ್ಯುತ್ತಿರಬೇಕು, ಪಾಪ, ಎಂದುಕೊಂಡೆ. "ನಂದು ಹತ್ತು ವರ್ಷ ಬರ್ತದ," ಎಂದು ಮಾತು ಕೊಟ್ಟೆ.

ಇಪ್ಪತ್ತು ದಿನ ಹೊಲಿದೆ. ಬೆರಳಿನ ತುಂಬ ಸೂಜಿಯ ತೂತು, ಬಾಯಿ ತುಂಬ ಬಡಾಯಿ. ಬಂದವರಿಗೆಲ್ಲ "ಭಾಲ್ಕಿ ಆರ್ಡರು" ಎಂದು ಬಿಡಿಸಿ ತೋರಿಸಿದೆ. ರೂತ್ ಮಷಿನ್ನಿನ ಮಾತೇ ಬಿಟ್ಟಳು.

ಒಯ್ದು ಕೊಟ್ಟೆ. ಕಮಲಾಬಾಯಿ ಕೌದಿ ಝಾಡಿಸಿದಳು. ಕೆಳಗೆ ನೋಡಿದಳು, ನನ್ನ ಬೆನ್ನ ಹಿಂದೆಯೂ ನೋಡಿದಳು.

"ಪಾತೇಲಿ ಎಲ್ಲದ್ರಿ?"

"ಯಾವ ಪಾತೇಲಿ?"

"ಹಳೀ ಸೀರಿಗಿ ಎಲ್ಲಾರೂ ಸ್ಟೀಲ್ ಭಾಂಡಿ ಕೊಡ್ತಾರ. ನೀವು ನನ್ನ ಸೀರಿ ಕಡಿದು ನನಗೇ ಹೊಚ್ಚಸ್ತೀರೇನ್ರಿ?"

ಬುಟ್ಟಿ ಹೊತ್ತು, ಹಳೆ ಬಟ್ಟೆ ಇಸಿದುಕೊಂಡು ಪಾತ್ರೆ ಕೊಡುವ ಹೆಂಗಸರು ನಮ್ಮ ಓಣಿಗೂ ಬರುತ್ತಾರೆ. ಅವರಿಗೆ ನಾನೇ ಎಷ್ಟು ಸೀರೆ ಕೊಟ್ಟಿಲ್ಲ! ಹಾಗೆ ಕೂಗುವವರು ಅವರೇ ಎಂಬುದು ನನ್ನ ಮಹಾಬುದ್ಧಿಗೆ ಹೊಳೆದದ್ದು ಆಗ. ಓಣಿಯೆಲ್ಲ ನೆರೆಯಿತು. "ಮುದುಕಿ ಕಳ್ಳಿ ಇರಬೇಕ್ರಿ," ಎಂದಳು ಒಬ್ಬಳು. ಓಡಿಹೋಗಿ ಬಜಾರದಲ್ಲಿ ದಪ್ಪ ತಳದ ಪಾತೇಲಿ ತಂದು ಕೊಟ್ಟು, ಕೌದಿ ಹೊತ್ತು ಬಸ್ಸು ಹತ್ತಿದೆ. ಮನೆಯ ಹಿಂಬಾಗಿಲಿಂದ ನುಸುಳಿ ಅದನ್ನು ಗೋಧಿ ಚೀಲದ ಹಿಂದೆ ತುರುಕಿದೆ.

"ಗಿರಾಕಿ ಖುಷಿ ಆದ್ಳೇನ್ರಿ?" ಎಂದು ಕೇಳಿದಳು ರೂತ್.

"ಭಾಳ!" ಎಂದೆ. ಸುಳ್ಳೇನಲ್ಲ.

ಆ ಖುಷಿಯೇ ನನಗೆ ಮುಳುವಾಯಿತು. ಬೀದರದ ಮುದುಕಿ ಬರೀ ಆರು ಹರಕು ಸೀರೆಗೆ ಹೊಸ ಪಾತೇಲಿ ಕೊಡುತ್ತಾಳೆ ಎಂಬ ಸುದ್ದಿ ಔರಾದಿನವರೆಗೂ ಹೋಯಿತು! ಕಮಲಾಬಾಯಿಯ ತಂಗಿ ಔರಾದಿನಲ್ಲಿರುತ್ತಾಳಂತೆ. ವಾರದೊಳಗೆ ಆ ತಂಗಿ, ಅವಳ ನಾದಿನಿ, ಓಣಿಯ ಇನ್ನಿಬ್ಬರು, ತಲೆಯ ಮೇಲೆ ಗಂಟು ಹೊತ್ತು ನಮ್ಮ ಬಾಗಿಲಿಗೆ ಬಂದರು.

ಬಾಗಿಲು ತೆಗೆದವಳು ರೂತ್. ಅವರಿಂದ ಎಲ್ಲ ಕೇಳಿಕೊಂಡು ಒಳಗೆ ಬಂದಳು.

"ಅತ್ತಿ, ನಿಮ್ಮ ಸಾಲು ಹತ್ತ್ಯದ. ನಮ್ಮ ಅಡಿಗಿ ಮನ್ಯಾಗಿನ ಯಾವ ಭಾಂಡಿ ಕೊಡ್ಲಿ, ಹೇಳ್ರಿ?"

ಮೂಲೆಯಲ್ಲಿ ಈಗ ಮಷಿನ್ ಇದೆ. ಅದಕ್ಕೆ ಗಿರಾಕಿಗಳು ಕರೆಯದೆಯೇ ಬರುತ್ತಾರೆ. ಅವರ ಬ್ಲೌಸುಗಳಿಗೆ ಹುಕ್ಕು ಹಚ್ಚುವ ಕೆಲಸವನ್ನು ರೂತ್ ನನಗೆ ಕೊಟ್ಟಿದ್ದಾಳೆ. ನಿನ್ನೆ ಒಬ್ಬಳು ವಾಪಸು ತಂದಳು. ಹುಕ್ಕೆಲ್ಲ ಉಲ್ಟಾ ಹಚ್ಚಿದ್ದೇನಂತೆ!